ಚಂದ ಮಾಡಿ ಸುತ್ತಿಟ್ಟ ವಯರು

ಸೋಮವಾರ ಬೆಳಿಗ್ಗೆ ಸುಟ್ಟ ರಬ್ಬರಿನ ವಾಸನೆ ಬಂದಾಗ ವಸುಮತಿ ಮೊದಲು ಒಲೆಯ ಕಡೆ ನೋಡಿದರು. ಒಲೆ ಆರಿತ್ತು. ವಾಸನೆ ಜಗಲಿಯಿಂದ ಬರುತ್ತಿತ್ತು.

ಹೋಗಿ ನೋಡಿದರು. ಕಾರನ್ನು ಚಾರ್ಜಿಗೆ ಹಾಕಿದ್ದ ಎಕ್ಸ್‌ಟೆನ್ಶನ್ ವಯರಿನ ಸುರುಳಿ ಹೊಗೆಯಾಡುತ್ತಿತ್ತು. ಒತ್ತಿನಲ್ಲೇ ಖಾಲಿ ಗೋಣಿಚೀಲಗಳ ರಾಶಿ! ಗಂಡ ತಿರುಮಲೇಶ್ವರ ಭಟ್ಟರು ಬಾಲ್ದಿಯಲ್ಲಿ ನೀರು ಹಿಡಿದು ಓಡಿ ಬಂದರು.

"ನೀರು ಬೇಡ ಮಾರಾಯ್ರೆ! ಮೊದಲು ಮೇನ್ ಸ್ವಿಚ್ ಆಫ್ ಮಾಡಿ!"

ಭಟ್ಟರು ಮೇನ್ ಆಫ್ ಮಾಡಿದ ಮೇಲೆ ವಸುಮತಿ ಹತ್ತಿರ ಹೋಗಿ ಬಗ್ಗಿ ನೋಡಿದರು. ಹತ್ತು ಸುತ್ತಿನ ವಯರು ಕರಗಿ ಒಂದೇ ಮುದ್ದೆಯಾಗಿತ್ತು.

"ನಾಳೆಯೇ ಕಾರು ಮಾರುದು," ಎಂದರು ಭಟ್ಟರು. "ಬೆಂಕಿಪೆಟ್ಟಿಗೆಯನ್ನು ಜಗಲಿಗೆ ಕಟ್ಟಿ ಹಾಕಿದ ಹಾಗೆ ಆಯ್ತು."

ವಸುಮತಿ ಕಾರಿನ ಕಡೆ ತಿರುಗಿದರು. ತನ್ನ ಐವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ತೆಗೆದುಕೊಂಡ, ಎರಡೇ ಬಾಗಿಲಿನ ಪುಟ್ಟ ಎಲೆಕ್ಟ್ರಿಕ್ ಕಾರು. ಗೇರಿಲ್ಲ, ಗದ್ದಲವಿಲ್ಲ, ರಾಮಕುಂಜದ ಕಿರಿದಾದ ದಾರಿಯಲ್ಲೂ ಸಲೀಸಾಗಿ ತಿರುಗುತ್ತದೆ. ಮನೆಕೆಲಸಕ್ಕೆ ಬರುವ ಸೀತುವನ್ನು, ಬಿದ್ದು ಮುರಿದ ಭುಜದ ವ್ಯಾಯಾಮಕ್ಕೆ ಪ್ರತಿ ಗುರುವಾರ ಪುತ್ತೂರಿಗೆ ಕರೆದೊಯ್ಯುವುದು ಅದರಲ್ಲೇ. ಆ ಭುಜದಲ್ಲಿ ಬಸ್ಸಿನ ನೂಕುನುಗ್ಗಲು ಅವಳಿಂದಾಗದು.

ಬಾಗಿಲ ಬಳಿ ಸೀತು ಅಳುತ್ತಿದ್ದಳು. "ನಾನೇ ಸುತ್ತಿದ್ದು ಅಕ್ಕ. ನಿಮ್ಮ ಕಾಲಿಗೆ ಸಿಕ್ಕಿಕೊಳ್ತದೆ ಅಂತ ಚಂದ ಮಾಡಿ ಸುತ್ತಿಟ್ಟೆ."

ಮಧ್ಯಾಹ್ನ ನೆರೆಮನೆಯ ರಸೀನಾ ಬಂದರು. ಐಟಿಐಯಲ್ಲಿ ವಯರಿಂಗ್ ಕಲಿಸುವವರು. ಆ ಮುದ್ದೆಯನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ಅಡಿಕೆ ಸುಲಿಯುವ ಮೆಷಿನಿನ ವಯರಲ್ವಾ ಭಟ್ರೇ?"

"ಹೌದು. ಮೂರು ವರ್ಷ ಮೆಷಿನ್ ಓಡಿಸಿದ್ದೇವೆ, ಎಂತ ಆಗ್ಲಿಲ್ಲ."

"ಆಗ ಅಂಗಳದಲ್ಲಿ ಬಿಡಿಸಿ ಹಾಕ್ತಿದ್ರಿ. ಕಾರು ಆರೇಳು ಗಂಟೆ ಬಿಡದೆ ಕರೆಂಟ್ ಎಳೀತದೆ. ಸುತ್ತಿಟ್ರೆ ಆ ಬಿಸಿ ಹೋಗುದೆಲ್ಲಿಗೆ? ಬಿಡಿಸಿಟ್ರೂ ಈ ಸಪೂರ ವಯರು ಇದಕ್ಕೆ ಆಗುದೇ ಇಲ್ಲ. ತಪ್ಪು ಕಾರಿನದ್ದಲ್ಲ. ಸೀತಕ್ಕನದ್ದೂ ಅಲ್ಲ." ರಸೀನಾ ತನಗೆ ಕೊಟ್ಟ ಚಹಾವನ್ನು ಸೀತುವಿನ ಕೈಗಿಟ್ಟರು.

"ಹಾಗಾದ್ರೆ ಪುತ್ತೂರಿನ ಚಾರ್ಜಿಂಗ್ ಸ್ಟೇಷನ್ನಲ್ಲಿ ಪೆಟ್ರೋಲ್ ಬಂಕಿನದ್ದರ ಹಾಗೆ ದೊಡ್ಡ ಗನ್ ಉಂಟಲ್ಲ, ಅದರಲ್ಲಿ ಚಾರ್ಜ್ ಮಾಡುವನಾ?" ಎಂದು ವಸುಮತಿ ಕೇಳಿದರು.

"ಅದು ಇದಕ್ಕೆ ಕೂರುದಿಲ್ಲ. ಫಾಸ್ಟ್ ಚಾರ್ಜಿಂಗಿಗೆ ಸಿಸಿಎಸ್ ಟು ಅಂತ ಬೇರೆಯೇ ಪ್ಲಗ್ಗು. ನಿಮ್ಮ ಕಾರಲ್ಲಿ ಅದಿಲ್ಲ. ತೆಗೊಳ್ಳುವಾಗ ಕೇಳ್ಲಿಲ್ವಾ?"

"ಕೇಳಿದ್ದೆ," ಎಂದರು ಭಟ್ಟರು. "ಯಾವ್ಯಾವ ಬಣ್ಣ ಉಂಟು ಅಂತ."

ಸೀತು ಕೂಡ ನಕ್ಕುಬಿಟ್ಟಳು.

"ಇದಕ್ಕೆ ಮನೆಯ ಹದಿನಾರು ಆಂಪಿಯರ್ ಸಾಕೆಟ್ಟೇ ಸಾಕು. ಆದರೆ ಮೇನ್ ಬೋರ್ಡಿನಿಂದ ದಪ್ಪ ವಯರಿನ ಬೇರೆ ಲೈನ್ ಬೇಕು, ಸರಿಯಾದ ಅರ್ತಿಂಗ್ ಬೇಕು, ಕರೆಂಟ್ ಸೋರಿದ್ರೆ ತಾನೇ ಕಡಿಯುವ ಸ್ವಿಚ್ ಬೇಕು."

ಬುಧವಾರ ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಹೊಸ ಲೈನ್ ಎಳೆದ. ಶೋರೂಮಿನವರು ಚಾರ್ಜರ್ ಪರೀಕ್ಷಿಸಿ ಸರಿಯಿದೆ ಎಂದರು.

ಗುರುವಾರ ಸೀತು ಕಾರಿನ ಬಳಿ ಬಂದು ನಿಂತೇಬಿಟ್ಟಳು. ಹತ್ತಲು ಹೆದರಿಕೆ. ಆಗ ಭಟ್ಟರು ಮುಂದಿನ ಸೀಟು ಮಡಚಿ, ಮೈ ಮುದುಡಿಕೊಂಡು ಹಿಂದೆ ತೂರಿ ಕುಳಿತರು.

"ಮಾರುದಿಲ್ಲ ಇದನ್ನು. ನಾನೇ ಕೂತಾಯ್ತಲ್ಲ, ಬಾ ಸೀತು, ಭುಜಕ್ಕೆ ತಡ ಆಗ್ತದೆ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಲೆಕ್ಟ್ರಿಕ್ ಗಾಡಿ ಇದ್ದರೆ ಇವತ್ತೇ ಚಾರ್ಜಿಂಗ್ ನಿಲ್ಲಿಸಿ ಅದರ ವಯರನ್ನೊಮ್ಮೆ ನೋಡಿ. ಎಕ್ಸ್‌ಟೆನ್ಶನ್ ವಯರು ಬೇಡವೇ ಬೇಡ. ಗಾಡಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಪ್ಲಗ್ ಯಾವುದೆಂದು ಕೇಳಿ. ವಸುಮತಿ ಮನೆಯಲ್ಲಿದ್ದರು, ಅದಕ್ಕೆ ಮನೆ ಉಳಿಯಿತು. ನಿಮ್ಮ ಮನೆ ಅಂಥ ಅದೃಷ್ಟವನ್ನು ನಂಬಿಕೊಂಡಿರಬಾರದು.