ತಾಳವಿಲ್ಲದ ತತ್ವಪದ

ಹೊನ್ನೂರಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ವಯಸ್ಸು ಕಳೆದವನು. ಕೆಲಸ ಬಿಟ್ಟ ಮೇಲೆ ಹೆಂಡತಿ ಗ್ಯಾನಮ್ಮನ ಜೊತೆ ಮಸ್ಕಿಗೆ ಬಂದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ ಮಾಡಿದ. ಮನೆಗೆ ಕರೆಂಟು ಬಂದ ವರ್ಷವೇ ರಾಯಚೂರಿನಿಂದ ಒಂದು ರೆಕಾರ್ಡ್ ಪ್ಲೇಯರ್ ತಂದ. ರೇಡಿಯೋಕ್ಕೆ ಅದರ ತಂತಿ ಸಿಕ್ಕಿಸಿದರೆ ರೇಡಿಯೋದೊಳಗಿಂದ ಹಾಡು ಬರುತ್ತಿತ್ತು. ಜೊತೆಗೆ ತಂದದ್ದು ಒಂದೇ ರೆಕಾರ್ಡು, ತತ್ವಪದದ್ದು. ಹರೆಯದಲ್ಲಿ ಮುಕ್ಕುಂದ ಊರಿನ ಭಜನಾ ಮೇಳದಲ್ಲಿ ಅವನು ಅದೇ ಪದಕ್ಕೆ ಕಂಚಿನ ತಾಳ ಹಾಕುತ್ತಿದ್ದ.

ಪದ ಮುಗಿಯುವ ತನಕ ಅಲುಗಾಡದೆ ಕೇಳಿ, "ಇದರಾಗ ತಾಳನ ಇಲ್ಲ" ಎಂದ.

"ಐತಲ್ಲ" ಎಂದಳು ಗ್ಯಾನಮ್ಮ, ಒಲೆಯ ಮುಂದಿನಿಂದ.

"ಎಲ್ಲೈತಿ?"

"ಹಾಡಿನಾಗ."

ಹೆಂಡತಿಗೆ ಯಂತ್ರದ ವಿಷಯ ತಿಳಿಯದು ಎಂದುಕೊಂಡು ಹೊನ್ನೂರಪ್ಪ ಪ್ಲೇಯರನ್ನು ಕಂಬಳಿಯಲ್ಲಿ ಸುತ್ತಿ ಲಿಂಗಸುಗೂರಿನ ಬಸ್ಸು ಹತ್ತಿದ. ಅಲ್ಲಿ ಲಾಲ್‌ಸಾಬನ ರೇಡಿಯೋ ರಿಪೇರಿ ಅಂಗಡಿ ಇತ್ತು.

"ಮುಳ್ಳು ಹೊಸಾದೈತಲ್ಲ ಅಣ್ಣಾ" ಎಂದ ಲಾಲ್‌ಸಾಬ್, ರೆಕಾರ್ಡಿನ ಮೇಲೆ ಓಡುವ ಸೂಜಿಯನ್ನು ಬಗ್ಗಿ ನೋಡಿ.

"ಹೊಸಾದಾದ್ರ ಏನಾತು, ಚಲೋದಿರಬೇಕಲ್ಲ. ಬದಲು ಮಾಡು."

ಮುಳ್ಳು ಬದಲಾಯಿತು. ತಾಳ ಬರಲಿಲ್ಲ. ಮುಂದಿನ ಸಲ ಮುಳ್ಳನ್ನು ಹಿಡಿದಿರುವ ತಲೆಯೇ ಬದಲಾಯಿತು. ಆಮೇಲೆ ರೇಡಿಯೋದ ಮೇಲೆ ಅನುಮಾನ ಬಂದು ಬೇರೆಯೇ ಒಂದು ಆಂಪ್ಲಿಫೈಯರ್ ಬಂತು. ಅದರ ಗಾಜಿನ ವಾಲ್ವುಗಳು ಕೆಂಪಗೆ ಉರಿದು ಪೆಟ್ಟಿಗೆಯೆಲ್ಲ ಬಿಸಿಯಾಗುತ್ತಿತ್ತು. ಮಳೆಗಾಲದಲ್ಲಿ ಗ್ಯಾನಮ್ಮ ಥಂಡಿ ಹಿಡಿದ ಬೆಂಕಿಪೊಟ್ಟಣವನ್ನು ಅದರ ಮೇಲೆ ಇಡತೊಡಗಿದಳು. ಹಾಡು ಈಗ ಓಣಿಯ ಕೊನೆಯವರೆಗೂ ಹೋಗುತ್ತಿತ್ತು. ಪಕ್ಕದ ಮನೆಯ ಸುಭಾನಬಿಗೆ ಪದ ಪೂರಾ ಬಾಯಿಪಾಠವಾಯಿತು. ಜೋಳ ಹಸನು ಮಾಡುತ್ತ ತಾನೂ ಹಾಡುವಳು. ತಾಳ ಬರುವ ಕಡೆ ಬಾಯಿಂದಲೇ ಟಿಣ್ ಟಿಣ್ ಎನ್ನುವಳು.

ಹೊನ್ನೂರಪ್ಪ ಮಾತ್ರ ಇನ್ನೂ ತಾಳ ಹುಡುಕುತ್ತಲೇ ಇದ್ದ.

ಕೊನೆಗೆ ಸ್ಪೀಕರಿನ ಸರದಿ. ಲಾಲ್‌ಸಾಬ್ ಜೋಳದ ಚೀಲದಷ್ಟು ದೊಡ್ಡ ಪೆಟ್ಟಿಗೆ ಮಾಡಿಸಿ, ಬಸ್ಸಿನ ಮೇಲೆ ಹೇರಿಕೊಂಡು ತಾನೇ ಬಂದ. ಜೋಡಿಸಿ ಹಾಡು ಹಚ್ಚಿದ. ಗೂಡಿನಲ್ಲಿದ್ದ ಲೋಟಗಳು ನಡುಗಿದವು.

"ಈಗರೆ ಕೇಳಸ್ತೇನಣ್ಣಾ?"

"ತಬಲಾದ ಡಗ್ಗಾ ಎದಿಗೆ ಬಡಿಯಾಕತ್ತೈತಿ" ಎಂದ ಹೊನ್ನೂರಪ್ಪ. "ತಾಳ ಇಲ್ಲ."

ಲಾಲ್‌ಸಾಬ್ ಗ್ಯಾನಮ್ಮನ ಕಡೆ ನೋಡಿದ. ಅವಳು ಹಾಡು ನಿಲ್ಲಿಸಲು ಹೇಳಿ ಒಳಗೆ ಹೋದಳು. ಗೂಟಕ್ಕೆ ನೇತುಹಾಕಿದ್ದ ಗಂಡನ ಹಳೆಯ ತಾಳಗಳನ್ನು ತಂದು, ಅವನ ಬೆನ್ನ ಹಿಂದೆ ನಿಂತು ಜೋರಾಗಿ ಬಡಿದಳು. ಸುಭಾನಬಿ ತನ್ನ ಮನೆಯ ಬಾಗಿಲಿಗೆ ಬಂದು ನೋಡಿದಳು. ಹೊನ್ನೂರಪ್ಪ ತಿರುಗಲಿಲ್ಲ.

ಗ್ಯಾನಮ್ಮ ಮುಂದೆ ಬಂದು ಅವನ ಕಣ್ಣೆದುರು ಮತ್ತೆ ಬಡಿದಳು.

ಹೊನ್ನೂರಪ್ಪ ತಾಳಗಳನ್ನೇ ನೋಡಿದ. "ಇವೂ ಕೆಟ್ಟಾವೇನು?"

ಅವನು ತಾಳಗಳನ್ನು ಇಸಿದುಕೊಂಡು ತಾನೇ ಹಾಕಿದ. ಕಿವಿಯ ಹತ್ತಿರ ತಂದು ಹಾಕಿದ. ಕೈ ಝುಮ್ಮೆಂದದ್ದು ತಿಳಿಯಿತು, ಅಷ್ಟೆ. ನಿಧಾನಕ್ಕೆ ಅವುಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನಮ್ಮ ಮಾತು ಕೇಳಸ್ತಾವಲ್ಲ?" ಎಂದಳು ಗ್ಯಾನಮ್ಮ.

"ಮಾತು ಕೇಳಸ್ತಾವ. ಟಿಣ್ ಅನ್ನೂದಷ್ಟ ಇಲ್ಲ. ಗಣ್ಯಾಗ ಯಂತ್ರದ ಅಬ್ಬರಕ್ಕ ಕಿವಿಗೆ ಹತ್ತಿ ಅರಳಿ ಇಟ್ಕೋ ಅಂತ ಎಲ್ಲಾರೂ ಹೇಳತಿದ್ರು. ಇಟ್ಕೊಂಡ್ರ ಬಂಡಿಗಲ್ಲು ಬಿರಿದು ಬೀಳೋ ಸಪ್ಪಳ ಕೇಳತಿದ್ದಿಲ್ಲ. ಅದಕ್ಕ ನಾನ ತಗದು ಒಗದಿದ್ದೆ" ಎಂದ.

"ನೀ ಯಾಕ ಹೇಳಲಿಲ್ಲ?" ಎಂದು ಹೆಂಡತಿಯನ್ನು ಕೇಳಿದ.

"ಮೊದಲನೇ ದಿನಾನ ಹೇಳಿದ್ನಲ್ಲರೀ, ತಾಳ ಐತಿ ಅಂತ."

ಲಾಲ್‌ಸಾಬ್ ಚಹಾ ಕುಡಿದು, ಬೇಡವೆಂದರೆ ಸ್ಪೀಕರ್ ವಾಪಸು ಒಯ್ಯುತ್ತೇನೆಂದ. ಇರಲಿ ಎಂದ ಹೊನ್ನೂರಪ್ಪ.

ಆದರೆ ಅದನ್ನು ಹಚ್ಚಲಿಲ್ಲ. ಓಣಿ ಸಪ್ಪಗಾಯಿತು. ಸುಭಾನಬಿ ಬಂದು, "ಪೆಟ್ಟಿಗಿ ಕೆಟ್ಟೈತೇನು ಅಕ್ಕಾ?" ಎಂದು ಕೇಳಿದಳು. "ಇಲ್ಲ, ಚಲೋ ಐತಿ" ಎಂದಳು ಗ್ಯಾನಮ್ಮ. ಹೊನ್ನೂರಪ್ಪ ಕಟ್ಟೆಯ ಮೇಲೆ ಕುಳಿತು ಹೋಗಿಬರುವ ಬಸ್ಸು ನೋಡುವನು. ಊಟಕ್ಕೆ ಕರೆದರೆ ಬಂದು, ಉಂಡು, ಮತ್ತೆ ಅಲ್ಲಿಯೇ ಹೋಗಿ ಕೂಡುವನು. ಗ್ಯಾನಮ್ಮನಿಗೆ ಅದು ಸರಿಬರಲಿಲ್ಲ. ಒಂದು ಮಧ್ಯಾಹ್ನ ಅವಳೇ ರೆಕಾರ್ಡು ಹಚ್ಚಿ, ಅವನನ್ನು ಒಳಗೆ ಕರೆದು, ಪಕ್ಕದಲ್ಲಿ ಕುಳಿತು, ತಾಳ ಬಿದ್ದಲ್ಲೆಲ್ಲ ಅವನ ಮೊಣಕಾಲಿನ ಮೇಲೆ ಬೆರಳಿನಿಂದ ಬಡಿಯುತ್ತ ಹೋದಳು.

ಮೊದಲ ನುಡಿ ಮುಗಿಯುವ ತನಕ ಹೊನ್ನೂರಪ್ಪ ತಲೆ ತಗ್ಗಿಸಿ ಕುಳಿತಿದ್ದ. ಎರಡನೆಯದಕ್ಕೆ ತಲೆ ಎತ್ತಿದ.

"ತಡಾ ಆತು."

"ನಂದಲ್ಲ ತಡಾ. ಹಾಡಿನಾಗಿನವ ಹೆಂಗ ತಾಳ ಹಾಕಾಕತ್ತಾನ, ನಾನೂ ಹಂಗ ಹಾಕಾಕತ್ತೀನಿ."

"ಮತ್ತ ಹಚ್ಚು."

ಮತ್ತೆ ಹಚ್ಚಿದಳು. ಅದೇ ಜಾಗದಲ್ಲಿ ಬೆರಳು ಮತ್ತೆ ತಡವಾಗಿ ಬಿತ್ತು.

"ಥೂ" ಎಂದ ಹೊನ್ನೂರಪ್ಪ. ಎಷ್ಟೋ ದಿನದ ಮೇಲೆ ಅವನ ಮುಖ ಗೆಲುವಾಯಿತು. "ಇಂಥಾವನ್ನ ಯಾರು ರೆಕಾರ್ಡಿಗೆ ಕೂಡಿಸಿದ್ರು! ನಮ್ಮ ಮೇಳದಾಗ ಇದ್ದಿದ್ರ ಕಂಬಕ್ಕ ಕಟ್ಟತಿದ್ರು."

ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ಲಿಂಗಸುಗೂರಿಗೆ ಹೊರಟ. ಪ್ಲೇಯರು, ಮುಳ್ಳು, ಸ್ಪೀಕರು ಎಲ್ಲ ಚಲೋ ಅದಾವೆ, ತಾಳದವನು ಚಲೋ ಇರುವ ಬೇರೆ ರೆಕಾರ್ಡು ತರಿಸಿಕೊಡು ಎಂದು ಲಾಲ್‌ಸಾಬನಿಗೆ ಹೇಳುವುದಿತ್ತು.