ದೂರದ ಬಂಡೆಯ ಕಡಲಪಾಚಿ

ನಮ್ಮ ಮನೆಯಲ್ಲಿ ಮಂಡಿ ನೋಯಲಿ, ಮೈ ಸೋಲಲಿ, ಮದ್ದು ಒಂದೇ: ಕಡಲಪಾಚಿಯ ಪುಡಿ. ಅಮ್ಮ ಅದನ್ನು ಮಹಡಿಯ ಮೇಲೆ ಹಳೇ ಚಾದರ ಹಾಸಿ ಒಣಗಿಸುತ್ತಿದ್ದಳು. ಆ ಉಪ್ಪುಪ್ಪು ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಪಾಚಿ ಕೀಳಲು ಅವಳು ದೋಣಿ ರಿಪೇರಿಯ ಕಟ್ಟೆ ದಾಟಿ, ಮೊಣಕಾಲುದ್ದ ನೀರಿನಲ್ಲಿ ದೂರದ ಬಂಡೆಗೇ ಹೋಗುತ್ತಿದ್ದಳು. ಹತ್ತಿರ ಬೇಕಾದಷ್ಟಿದ್ದರೂ ಮುಟ್ಟುತ್ತಿರಲಿಲ್ಲ. ಹಿಂದೆ ಹಿಂದೆ ಓಡುತ್ತಿದ್ದ ನನಗೆ ಅದು ಬರೀ ಹಟ ಎನಿಸುತ್ತಿತ್ತು.

ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಈಗ ನನ್ನ ಮಗಳು ಐದು ತಿಂಗಳ ಬಸುರಿ. ಅಜ್ಜಿಯ ಮದ್ದು ಮೊಮ್ಮಗಳಿಗೆ ಸಿಗದಿದ್ದರೆ ಹೇಗೆ? ದೂರ ನಡೆಯಲು ನನ್ನ ಮಂಡಿ ಒಪ್ಪಲಿಲ್ಲ. ಕಟ್ಟೆಯ ಬುಡದಲ್ಲೇ ದಟ್ಟವಾಗಿ ಬೆಳೆದದ್ದನ್ನು ಕಿತ್ತು ತಂದು, ಏಳು ಸಲ ತೊಳೆದು, ಒಣಗಿಸಿ, ಪುಡಿ ಮಾಡಿ ಅಮ್ಮನ ಡಬ್ಬಿಗೆ ತುಂಬಿದೆ; ಮಗಳಿಗೆ ಇನ್ನೂ ಕೊಟ್ಟಿರಲಿಲ್ಲ.

ಮಗಳನ್ನು ನೋಡಲು ನರ್ಸಮ್ಮ ಬಂದಳು. ಪಕ್ಕದ ಮನೆಯಲ್ಲೇ ಬೆಳೆದವಳು, ಚಿಕ್ಕಂದಿನಲ್ಲಿ ಅಮ್ಮನ ಪುಡಿ ತಿಂದು ಮುಖ ಕಿವುಚಿದವಳೇ. ಡಬ್ಬಿಯ ಮುಚ್ಚಳ ತೆಗೆದು ಕೇಳಿದಳು:

“ಅಕ್ಕಾ, ಇದನ್ನ ಎಲ್ಲಿ ಕಿತ್ತಿದ್ದು?”

“ಕಟ್ಟೆ ಹತ್ರ. ಯಾಕೆ, ಅದೂ ಇದೇ ಕಡಲಲ್ವಾ?”

“ಅಲ್ಲಿ ದೋಣಿಗಳ ಹಳೇ ಬಣ್ಣ ಕೆರೀತಾರೆ, ಹಾಳಾದ ಬ್ಯಾಟರಿ ಬಿಸಾಕ್ತಾರೆ. ಅದರಲ್ಲಿರೋ ಸೀಸ, ಕ್ಯಾಡ್ಮಿಯಂ ನೀರಿಗಿಳಿಯುತ್ತೆ. ಪಾಚಿ ಅದನ್ನ ಹೀರ್ಕೊಂಡು ಒಳಗೇ ಇಟ್ಕೊಳ್ಳುತ್ತೆ.”

“ಏಳು ಸಲ ತೊಳ್ದಿದೀನಿ ಕಣೇ!”

“ತೊಳೆದ್ರೆ ಮರಳು ಹೋಗುತ್ತೆ, ಸೀಸ ಹೋಗಲ್ಲ. ಕುದಿಸಿದ್ರೂ ನಂಬೋ ಹಾಗಿಲ್ಲ. ಕಣ್ಣಿಗೆ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ. ಹೊಟ್ಟೇಲಿರೋ ಮಗುವಿನ ಮಿದುಳಿಗೇ ಪೆಟ್ಟು ಬೀಳಬಹುದು.”

ನನಗೆ ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಅಮ್ಮ ನಮಗೆಲ್ಲ ವಿಷ ಕೊಟ್ಟಳಾ?”

“ಅಮ್ಮ ಯಾವತ್ತಾದ್ರೂ ಕಟ್ಟೆ ಹತ್ರ ಕಿತ್ತಿದ್ರಾ, ಅಕ್ಕಾ?”

ಆಗ ನೆನಪಾಯಿತು: ಬಣ್ಣದ ವಾಸನೆ ಬಂದರೆ ಸಾಕು, ಅಮ್ಮ ನನ್ನ ಕೈ ಹಿಡಿದು “ಇಲ್ಲಿಂದ ಬೇಡ, ನಡಿ” ಎಂದು ಎಳೆದೊಯ್ಯುತ್ತಿದ್ದಳು. ಅವಳ ಮದ್ದನ್ನು ನೆನಪಿಟ್ಟುಕೊಂಡ ನಾನು ಅವಳು ನಡೆದ ದಾರಿಯನ್ನು ಮರೆತಿದ್ದೆ. ಅಳು ಬಂತು.

“ಸರಿ, ನಾಳೆ ದೂರದ ಬಂಡೆಗೇ ಹೋಗ್ತೀನಿ.”

“ಈಗ ಅಲ್ಲಿನ ನೀರು ಹೇಗಿದೆಯೋ! ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಆಗ್ಲಿ. ಬಸುರಿಗಂತೂ ಡಾಕ್ಟರನ್ನ ಕೇಳದೆ ಯಾವ ಪುಡೀನೂ ಬೇಡ.”

ಪುಡಿಯನ್ನು ನಾನೇ ಕಟ್ಟಿ ಕಸಕ್ಕೆ ಹಾಕಿದೆ. ಡಬ್ಬಿಯನ್ನು ಮಾತ್ರ ಬಿಸಾಡಲು ಮನಸ್ಸು ಬರಲಿಲ್ಲ. ಉಜ್ಜಿ ತೊಳೆದು, ಅಮ್ಮ ಅದನ್ನು ಇಡುತ್ತಿದ್ದ ಗೋಡೆಯ ಗೂಡಿನಲ್ಲೇ ಇಟ್ಟಿದ್ದೇನೆ, ಖಾಲಿಯಾಗಿ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇರಬಹುದು. ಅಂಗಡಿಯದ್ದಾದರೂ ಸರಿ, ಮನೆಯದ್ದಾದರೂ ಸರಿ, ತಿನ್ನುವ ಮೊದಲು ಕೇಳಿ: ಎಲ್ಲಿ ಕಿತ್ತದ್ದು? ಪರೀಕ್ಷೆ ಮಾಡಿಸಿದ್ದೀರಾ? ಉತ್ತರ ಸಿಗದಿದ್ದರೆ ಸಂಕೋಚ ಬೇಡ, ನಮ್ಮಮ್ಮನ ಹಾಗೆ ಹೇಳಿಬಿಡಿ: ಇಲ್ಲಿಂದ ಬೇಡ, ನಡಿ.