ಒಂದು ತಿಂಗಳು ಕಡಿಮೆ

ಜಾಹೀರಾತಿನಲ್ಲಿ ಎರಡು ಷರತ್ತುಗಳಿದ್ದವು: ಬಣ್ಣ ಹೊಂದಿಸುವ ಕೆಲಸದಲ್ಲಿ ಕನಿಷ್ಠ ನಾಲ್ಕು ವರ್ಷಗಳ ಅನುಭವ, ವಯಸ್ಸು ನಲವತ್ತೈದನ್ನು ಮೀರಿರಬಾರದು. ನನ್ನ ಅನುಭವ ಮೂರು ವರ್ಷ ಹನ್ನೊಂದು ತಿಂಗಳು. ನಾನಿದ್ದ ಪೇಂಟ್ ಕಾರ್ಖಾನೆಯವರು ಯಂತ್ರವೊಂದನ್ನು ತರಿಸಿ, ಬರಿಗಣ್ಣಿನಿಂದ ಬಣ್ಣ ಅಳೆಯುತ್ತಿದ್ದ ನಮ್ಮ ವಿಭಾಗವನ್ನೇ ಮನೆಗೆ ಕಳುಹಿಸಿದಾಗ, ಇನ್ನೊಂದು ತಿಂಗಳು ತಡೆಯಿರಿ ಎನ್ನಲು ಯಾರಿಗೂ ಹೊಳೆದಿರಲಿಲ್ಲ.

ಅದಾಗಿ ಎಂಟು ತಿಂಗಳು. ಸಂದರ್ಶನದ ದಿನ ಬೆಳಿಗ್ಗೆಯೇ ಅತ್ತಿಗೆ ತೀರ್ಪು ಕೊಟ್ಟಿದ್ದರು. "ಇದೂ ಕೈಕೊಟ್ರೆ ನಾಳೆಯಿಂದ ನನ್ ತಮ್ಮನ ಚಪ್ಪಲಿ ಅಂಗಡೀಲಿ ಕೂತ್ಕೋ. ಅಲ್ಲಿರೋದು ಎರಡೇ ಬಣ್ಣ, ಕಪ್ಪು ಮತ್ತೆ ಕಂದು. ನಿನ್ ಕಣ್ಣಿಗೂ ರಜ."

ಆ ಗತಿ ಬರಬಾರದೆಂದು ಮೊದಲೇ ಅನುಭವ ಪತ್ರದಲ್ಲಿ 'ನಾಲ್ಕು ವರ್ಷ' ಎಂದೇ ಟೈಪು ಮಾಡಿಸಿದ್ದೆ. ಬಾಕಿ ಇದ್ದದ್ದು ನಮ್ಮ ಹಳೆಯ ವಿಭಾಗದ ಮುಖ್ಯಸ್ಥರ ಸಹಿ. ಬೆನ್ನ ಹಿಂದೆ ನಾವು ಅವರನ್ನು 'ಸೂಕ್ಷ್ಮದರ್ಶಕ' ಎನ್ನುತ್ತಿದ್ದೆವು. ಎರಡು ದಿನದಿಂದ ಅವರು ಫೋನು ಎತ್ತಿರಲಿಲ್ಲ. ಕಾರಣ ತಿಳಿದದ್ದು ಜಾಹೀರಾತು ಕೊಟ್ಟಿದ್ದ ಟೈಲ್ಸ್ ಕಾರ್ಖಾನೆಯ ಕಾಯುವ ಕೋಣೆಯಲ್ಲಿ: ಅವರೇ ಮೊಣಕಾಲ ಮೇಲೆ ಫೈಲಿಟ್ಟುಕೊಂಡು ಸಂದರ್ಶನಕ್ಕೆ ಕುಳಿತಿದ್ದರು. ಪೂರ್ತಿ ನರೆತಿದ್ದ ತಲೆ ಈಗ ಕಡುಗಪ್ಪಾಗಿತ್ತು.

"ಸರ್, ನೀವು?"

"ಯಾಕೆ, ಕೆಲಸ ಹೋಗಿದ್ದು ನಿನ್ನೊಬ್ಬಳದೇನಾ?"

ಪತ್ರ ಕೊಟ್ಟೆ. ಎರಡು ಸಲ ಓದಿದರು.

"ನಾಲ್ಕು ವರ್ಷ ಅಲ್ಲ. ಮೂರು ವರ್ಷ ಹನ್ನೊಂದು ತಿಂಗಳು."

"ಒಂದೇ ತಿಂಗಳು ಸರ್, ಹೊಟ್ಟೆಗೆ ಹಾಕ್ಕೊಳ್ಳಿ."

"ಒಂದು ಡಬ್ಬ ಬಿಳಿಗೆ ಒಂದು ತೊಟ್ಟು ಕಪ್ಪು ಬಿದ್ರೆ ಅದನ್ನ ಬಿಳಿ ಅಂತೀಯೇನಮ್ಮ?"

"ನಿಮಗೆ ಮಾತ್ರ ನಲವತ್ತೈದು ದಾಟಿಲ್ವಾ ಸರ್?"

"ಅರ್ಜೀಲಿ ಐವತ್ತೊಂದು ಅಂತಾನೇ ಬರೆದಿದೀನಿ. ಓದೋಕೆ ಮುಂಚೆ ಮುಖ ನೋಡೇ ಕಳಿಸ್ಬಾರ್ದು ಅಂತ ತಲೆಗೆ ಸ್ವಲ್ಪ..."

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಕಸುಬು ಬಿಡಲಿಲ್ಲ. "ಆ ಕಪ್ಪಿಗೆ ನೀಲಿ ಒಂದು ಗುಲಗಂಜಿ ಹೆಚ್ಚಾಯ್ತು ಸರ್."

ಅವರು ಸಹಿ ಹಾಕದೆಯೇ ಪತ್ರವನ್ನು ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟರು.

ಅಷ್ಟರಲ್ಲಿ ಮೂವರು ಅಭ್ಯರ್ಥಿಗಳನ್ನೂ ಒಳಗೆ ಕರೆದರು. ಕಿಟಕಿಯಿಲ್ಲದ ಕೋಣೆ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ಮ್ಯಾನೇಜರು ಒಬ್ಬೊಬ್ಬರ ಮುಂದೆಯೂ ಕೆನೆಬಣ್ಣದ ಎರಡೆರಡು ಟೈಲ್ಸ್ ಇಟ್ಟು, "ಎರಡೂ ಒಂದೇನಾ, ಬೇರೇನಾ? ಹತ್ತು ನಿಮಿಷದಲ್ಲಿ ಬರೆದುಕೊಡಿ," ಎಂದು ಹೊರಟುಹೋದರು. ಮೂರನೆಯ ಅಭ್ಯರ್ಥಿ ಒಮ್ಮೆ ನೋಡಿ 'ಒಂದೇ' ಎಂದು ಬರೆದು, ಪೆನ್ನು ಜೇಬಿಗಿಟ್ಟ.

ಟ್ಯೂಬ್‌ಲೈಟಿನ ಕೆಳಗೆ ಬಣ್ಣದ ಬಗ್ಗೆ ಬಾಯಿ ಬಿಡಬಾರದು ಎಂಬುದು ನಮ್ಮ ವಿಭಾಗದ ಮೊದಲ ನಿಯಮ. ಆದ್ದರಿಂದ ನಾನೂ ಸರ್ ಅವರೂ ಏಕಕಾಲಕ್ಕೆ ಎದ್ದು, ಟೈಲ್ಸ್ ಕಂಕುಳಲ್ಲಿಟ್ಟುಕೊಂಡು, ಹಗಲು ಬೆಳಕನ್ನು ಹುಡುಕುತ್ತಾ ನಡೆದೆವು. ಕಾರಿಡಾರು ದಾಟಿದೆವು, ಮೆಟ್ಟಿಲಿಳಿದೆವು. ಗೇಟಿನ ಬಳಿ ವಾಚ್‌ಮನ್ ಅಡ್ಡ ನಿಂತರು.

"ಏನ್ರೀ ಇದು! ಹಾಡಹಗಲೇ ಮಾಲು ಹೊತ್ಕೊಂಡು ಹೊರಟ್ರಲ್ಲ!"

"ಕದೀತಾ ಇಲ್ಲಪ್ಪ, ನೋಡ್ತಾ ಇದೀವಿ," ಎಂದರು ಸರ್. "ಉತ್ತರ ದಿಕ್ಕು ಯಾವ ಕಡೆ? ಆ ಕಡೆ ಬೆಳಕಲ್ಲಿ ಬಣ್ಣ ಸುಳ್ಳು ಹೇಳಲ್ಲ."

ವಾಚ್‌ಮನ್ ಗಾಬರಿಯಲ್ಲಿ ಕೈ ತೋರಿಸಿದರು. ಅವರ ಗೂಡಿನ ನೆರಳಲ್ಲಿ, ಉತ್ತರಕ್ಕೆ ಮುಖಮಾಡಿ ಟೈಲ್ಸ್ ಹಿಡಿದೆವು. ಒಳಗೆ ಅವಳಿಗಳಂತಿದ್ದವು ಇಲ್ಲಿ ದೂರದ ನೆಂಟರಾಗಿದ್ದವು.

"ಎಡಗಡೇದ್ರಲ್ಲಿ ಹಳದಿ ಹೆಚ್ಚು," ಎಂದರು ಸರ್.

"ಕೆಂಪು ಸರ್."

"ಹಳದಿ."

"ಕೆಂಪು. ನಿಮ್ಮ ಕನ್ನಡಕದಲ್ಲಿ ಹಳದಿ ಇರ್ಬೇಕು."

"ನನ್ನ ಕನ್ನಡಕದ ಸುದ್ದಿಗೆ ಬರ್ಬೇಡ!"

"ನಂಗೆ ಎರಡೂ ಬಿಳಿ ಕಾಣ್ತಿದೆ," ಎಂದ ವಾಚ್‌ಮನ್‌ರನ್ನು ನಾವಿಬ್ಬರೂ ಒಟ್ಟಿಗೇ ದುರುಗುಟ್ಟಿ ನೋಡಿದೆವು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಸರ್ ಕನ್ನಡಕ ತೆಗೆದರು. ಟೈಲ್ಸನ್ನು ಓರೆ ಮಾಡಿದರು, ನೇರ ಮಾಡಿದರು, ದೂರ ಹಿಡಿದರು. ಕೊನೆಗೆ ಸಣ್ಣ ದನಿಯಲ್ಲಿ, "ಕೆಂಪೇ," ಎಂದರು.

ಮೂರು ವರ್ಷ ಹನ್ನೊಂದು ತಿಂಗಳಲ್ಲಿ ಅವರು ನನ್ನ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮ್ಯಾನೇಜರು ಏದುಸಿರು ಬಿಡುತ್ತಾ ಬಂದರು. "ಹತ್ತು ನಿಮಿಷ ಆಗಿ ಕಾಲು ಗಂಟೆ ಆಯ್ತು! ಇಲ್ಲೇನ್ ಮಾಡ್ತಿದೀರಿ?" ಸರ್ ಎರಡೂ ಟೈಲ್ಸನ್ನು ಅವರ ಮೂಗಿನ ಮುಂದೆ ಹಿಡಿದರು. ಮ್ಯಾನೇಜರು ನೋಡಿದರು, ಕೆಂಪಾದರು. "ಗಿರಾಕಿಗಳು ವಾಪಸ್ ಕಳಿಸಿದ್ದು ಇದನ್ನೇ. ಒಳಗೆ ಎಷ್ಟು ನೋಡಿದ್ರೂ ನಮಗೆ ಗೊತ್ತಾಗ್ಲಿಲ್ಲ. ಕಂಡುಹಿಡಿದದ್ದು ಯಾರು?"

"ಬೇರೆ ಅಂತ ಇಬ್ರೂ ಕಂಡ್ವಿ. ಕೆಂಪು ಅಂತ ಕಂಡಿದ್ದು ಇವಳು," ಎಂದರು ಸರ್. "ನಾನು ಹಳದಿ ಅಂದೆ. ತಪ್ಪು."

"ಅನುಭವ ಪತ್ರ ಎಲ್ಲಮ್ಮ?"

ಕೊಡುವ ಮೊದಲೇ ಸರ್ ಅದನ್ನು ಕಿತ್ತುಕೊಂಡರು. 'ನಾಲ್ಕು ವರ್ಷ' ಎಂಬುದನ್ನು ಹೊಡೆದುಹಾಕಿ, 'ಮೂರು ವರ್ಷ ಹನ್ನೊಂದು ತಿಂಗಳು' ಎಂದು ಬರೆದು, ಸಹಿ ಹಾಕಿದರು. ಚಪ್ಪಲಿ ಅಂಗಡಿಯ ವಾಸನೆ ನನ್ನ ಮೂಗಿಗೇ ಬಡಿಯಿತು.

"ಒಂದು ತಿಂಗಳು ಕಡಿಮೆ ಇದೆಯಲ್ಲ," ಎಂದರು ಮ್ಯಾನೇಜರು.

"ಅದನ್ನ ನಿಮ್ಮಲ್ಲೇ ತುಂಬಿಸ್ಕೊಳ್ಳಿ," ಎಂದರು ಸರ್. "ಮೊದಲ ತಿಂಗಳು ತಾತ್ಕಾಲಿಕ. ಮೂವತ್ತೊಂದನೇ ದಿನ ಇವಳಿಗೆ ನಾಲ್ಕು ವರ್ಷ. ಆಗ ಕಾಯಂ ಮಾಡಿ. ನಿಯಮಾನೂ ಮುರಿಯಲ್ಲ, ಸುಳ್ಳೂ ಇಲ್ಲ."

ಮ್ಯಾನೇಜರು ಬೆರಳು ಮಡಚಿ ಎಣಿಸಿ, ತಲೆಯಾಡಿಸಿದರು. ನನಗೆ ಅಳು, ನಗು ಎರಡೂ ಬಂದವು.

"ಹಾಗೇ ನಮ್ ಸರ್‌ಗೂ ಏನಾದ್ರೂ ಲೆಕ್ಕ..." ಎಂದೆ.

"ಆರು ವರ್ಷ ಕಳೆಯೋ ಲೆಕ್ಕ ಯಾವ ಶಾಲೇಲೂ ಹೇಳ್ಕೊಡಲ್ಲ. ಹೋಗು, ಒಳಗೆ ಹೋಗು. ಮೊದಲು ಆ ಟ್ಯೂಬ್‌ಲೈಟು ಕೀಳಿಸು."

ಮ್ಯಾನೇಜರ ಹಿಂದೆ ಹೊರಟವಳು ಮೆಟ್ಟಿಲ ಬಳಿ ತಿರುಗಿ ನೋಡಿದೆ. ಸರ್ ಇನ್ನೂ ಗೂಡಿನ ನೆರಳಲ್ಲೇ ನಿಂತು ವಾಚ್‌ಮನ್‌ರನ್ನು ಕೇಳುತ್ತಿದ್ದರು.

"ಈ ಕೆಲಸಕ್ಕೆ ವಯಸ್ಸಿನ ಮಿತಿ ಎಷ್ಟಪ್ಪ?"

"ನಂಗೇ ಅರವತ್ತೆರಡು ಸಾರ್. ಯಾರೂ ಕೇಳೇ ಇಲ್ಲ."

"ದಿನಪೂರ್ತಿ ಹೀಗೆ ಒಳ್ಳೇ ಬೆಳಕಲ್ಲೇ ನಿಂತಿರ್ತೀರಾ?" ಎಂದ ಸರ್ ದನಿಯಲ್ಲಿ ಅಸೂಯೆ ಸ್ಪಷ್ಟವಾಗಿತ್ತು.